ಪಾತ್ರಕ್ಕೆ ಹೆಸರು ಹುಡುಕಲು ಯಾವುದು ಒಳ್ಳೆಯದು? ಅಲರ್, ಪರಿಷತ್ತಿನ ನಿಘಂಟು, ಮತದಾರರ ಪಟ್ಟಿ ಮತ್ತು ಒಂದು ಲಗ್ನಪತ್ರಿಕೆ

ಕಾಡು ಎಂಬ ಅರ್ಥ ಬರುವ ಹೆಸರೊಂದು ಪಾತ್ರಕ್ಕೆ ಬೇಕು ಅಂದುಕೊಳ್ಳಿ. ಕಾಡಿಗೆ ನಮ್ಮಲ್ಲಿ ಪದಗಳ ಬರವಿಲ್ಲ: ಅಡವಿ, ಕಾನು, ವನ, ಅರಣ್ಯ, ವಿಪಿನ, ಕಾನನ. ಅರ್ಥ ಹೆಚ್ಚುಕಡಿಮೆ ಒಂದೇ. ಆದರೆ ಅಡಿವೆಪ್ಪ ಅಂದ ಕೂಡಲೇ ಬೆಳಗಾವಿ, ಗದಗ ಕಡೆಯ ಗಂಡಸೊಬ್ಬ ಕಣ್ಣೆದುರು ಬಂದು ನಿಲ್ಲುತ್ತಾನೆ. ವಿಪಿನ್ ಅಂದರೆ ಪಟ್ಟಣದಲ್ಲಿ ಬೆಳೆದ ಹುಡುಗ, ಅಪ್ಪನಿಗೆ ವರ್ಗಾವಣೆಯ ನೌಕರಿ ಇದ್ದಿರಬೇಕು. ವನಜಾ ಅಂದರೆ ಅರವತ್ತು ದಾಟಿದ, ಪಿಂಚಣಿ ಬರುವ ಶಿಕ್ಷಕಿ. ಅರಣ್ಯಾ ಇನ್ನೂ ಒಂದನೇ ಕ್ಲಾಸು ಮುಗಿಸದ ಬೆಂಗಳೂರಿನ ಮಗು. ಕಾನನ ಎಂದು ಬರೆದರೋ, ಲೇಖಕರು ನಿಘಂಟಿನಿಂದ ಎತ್ತಿಕೊಂಡು ಬಂದಿದ್ದಾರೆ ಎಂದು ಓದುವವನಿಗೆ ಎರಡನೇ ಸಾಲಿನಲ್ಲೇ ಗೊತ್ತಾಗಿಬಿಡುತ್ತದೆ. ಜೊತೆಗೆ ಇನ್ನೊಂದು ತಮಾಷೆ: ಸಂಸ್ಕೃತದಲ್ಲಿ ವನ ಎಂದರೆ ನೀರು ಎಂದೂ ಆಗುತ್ತದೆ. ವನಜ ಎಂದರೆ ತಾವರೆ. ಕಾಡಿನ ಮಗಳು ಎಂದುಕೊಂಡು ಆ ಹೆಸರಿಟ್ಟರೆ ಕೆರೆಯ ಹೂವನ್ನು ಕರೆದಂತಾಯಿತು.

ಅರ್ಥಪೂರ್ಣ ಹೆಸರು ಎನ್ನುವಾಗ ಬಹಳ ಜನ ಪದದ ಅರ್ಥವನ್ನಷ್ಟೇ ನೋಡುತ್ತಾರೆ. ಓದುವವನಿಗೆ ಮೊದಲು ಮುಟ್ಟುವುದು ಬೇರೆ: ಯಾವ ಸೀಮೆ, ಯಾವ ಕಾಲ, ಯಾವ ಮನೆತನ, ಯಾರು ಕರೆಯುತ್ತಿದ್ದಾರೆ. ಹಾಗಾಗಿ ಕನ್ನಡದಲ್ಲಿ ಕಥೆ, ಕಾದಂಬರಿ, ಧಾರಾವಾಹಿ, ನಾಟಕ ಬರೆಯುವವರ ಕೈಗೆ ಸಿಗುವ ಸಾಧನಗಳನ್ನು ಇಲ್ಲಿ ಎರಡು ಪ್ರಶ್ನೆ ಇಟ್ಟುಕೊಂಡು ತೂಗಿದ್ದೇವೆ. ಕೊಡುವ ಅರ್ಥ ನಿಜವೇ? ಆ ಹೆಸರನ್ನು ಯಾರು, ಎಲ್ಲಿ, ಯಾವಾಗ ಇಟ್ಟುಕೊಂಡರು ಎಂಬುದನ್ನು ಹೇಳುತ್ತದೆಯೇ?

ಮಗುವಿನ ಹೆಸರಿನ ಪುಸ್ತಿಕೆ, ಜಾಲತಾಣ, ಆ್ಯಪ್

ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಪಂಚಾಂಗದ ಪಕ್ಕ ತೂಗುಹಾಕಿರುವ ಪುಸ್ತಿಕೆಯಿಂದ ಹಿಡಿದು ಮೊಬೈಲಿನ ಆ್ಯಪ್‌ವರೆಗೆ ಇವೆಲ್ಲ ಒಂದೇ ಕುಲ. ಒಂದು ಪಟ್ಟಿಯನ್ನು ಇನ್ನೊಂದು ನಕಲು ಮಾಡಿರುತ್ತದೆ, ತಪ್ಪೂ ಜೊತೆಗೇ ಸಾಗುತ್ತದೆ. ಆರವ್ ಎಂದರೆ 'ಶಾಂತ' ಎಂದು ಹತ್ತು ಕಡೆ ಕಾಣಬಹುದು. ಸಂಸ್ಕೃತದ ಆರವ ಎಂದರೆ ಸದ್ದು, ಕೂಗು. ಅನೀಕ ಎಂದರೆ ಸೈನ್ಯ. ಅದನ್ನು ಅನಿಕಾ ಎಂದು ತಿರುಗಿಸಿ 'ದೇವಿಯ ಕೃಪೆ' ಎಂದು ಬರೆದಿರುತ್ತಾರೆ. ಮಗುವಿಗೆ ಇಟ್ಟರೆ ದೊಡ್ಡ ನಷ್ಟವೇನಿಲ್ಲ, ಸದ್ದು ಮಾಡದ ಮಗು ಎಲ್ಲಿದೆ. ಆದರೆ ಮೌನಿಯೊಬ್ಬನ ಕಥೆಗೆ ಆರವ ಎಂದು ಹೆಸರಿಟ್ಟು, ಕೊನೆಯ ಪುಟದಲ್ಲಿ ಆ ಅರ್ಥದ ಮೇಲೆ ಭಾರ ಹಾಕಿದರೆ ಕಥೆ ಅಲ್ಲೇ ಕುಸಿಯುತ್ತದೆ.

ಇವುಗಳಲ್ಲಿ ಕಥೆಗಾರನಿಗೆ ದಕ್ಕುವುದು ಒಂದೇ ಭಾಗ: ನಕ್ಷತ್ರ-ಪಾದದ ಅಕ್ಷರಪಟ್ಟಿ. ಅಶ್ವಿನಿಗೆ ಚು, ಚೇ, ಚೋ, ಲ; ಆರಿದ್ರಾಕ್ಕೆ ಕು, ಘ, ಙ, ಛ. ಜಾತಕ ನೋಡುವ ಮನೆಯಲ್ಲಿ ಪಾತ್ರ ಹುಟ್ಟಿದ್ದರೆ ಅದಕ್ಕೆ ಜನ್ಮನಾಮ ಬೇರೆ, ಕರೆಯುವ ಹೆಸರು ಬೇರೆ ಇರಬಹುದು. ಆರಿದ್ರಾದ ಮೂರನೇ ಪಾದದಲ್ಲಿ ಹುಟ್ಟಿದ ಮಗುವಿಗೆ ಙ ಅಕ್ಷರದ ಹೆಸರು ತರುವುದಾದರೂ ಎಲ್ಲಿಂದ? ಪುರೋಹಿತರು ಪಕ್ಕದ ಅಕ್ಷರಕ್ಕೆ ಜಾರುತ್ತಾರೆ. ಇಂಥ ಸಣ್ಣ ಪೇಚಾಟ ಕಥೆಗೆ ಬೇಕಾದದ್ದು. ಉಳಿದಂತೆ ಐದಕ್ಕೆ ಒಂದೂವರೆ ಅಂಕ.

ಅಲರ್

ಹಳಗನ್ನಡದಲ್ಲಿ ಅಲರ್ ಎಂದರೆ ಅರಳು, ಹೂ. ಹೆಸರಿನ ವಿಷಯದಲ್ಲೇ ಈ ನಿಘಂಟು ಮೊದಲ ಅಂಕ ಗಿಟ್ಟಿಸಿಕೊಂಡಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ಕೂಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು ಇದು. 2019ರಲ್ಲಿ ಅಂತರಜಾಲಕ್ಕೆ ಬಂತು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದ, 2.4 ಲಕ್ಷದಷ್ಟು ಅರ್ಥ. ದುಡ್ಡಿಲ್ಲ, ಜಾಹೀರಾತಿಲ್ಲ, ಲಾಗಿನ್ ಕಾಟವಿಲ್ಲ. ಕಾಗುಣಿತ ಸ್ವಲ್ಪ ಆಚೀಚೆಯಾದರೂ ಉಚ್ಚಾರಕ್ಕೆ ಹತ್ತಿರದ ಪದ ತೋರಿಸುತ್ತದೆ.

ಅಲರ್‌ನ ನಿಜವಾದ ಬಲ ಅದರ ತಾಣದಲ್ಲಿಲ್ಲ, ಅದರ ಕಡತದಲ್ಲಿದೆ. ಇಡೀ ಪದಸಂಗ್ರಹವನ್ನು ಮುಕ್ತ ಪರವಾನಗಿಯಲ್ಲಿ ಒಂದೇ ಪಠ್ಯಕಡತವಾಗಿ ಇಳಿಸಿಕೊಳ್ಳಬಹುದು. ಫೋನಿನಲ್ಲಿ ತೆರೆಯಲು ಹೋಗಬೇಡಿ, ಒದ್ದಾಡುತ್ತದೆ. ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಬರೆಯುವವರು ಬಳಸುವ ಯಾವುದಾದರೂ ಟೆಕ್ಸ್ಟ್ ಎಡಿಟರಿನಲ್ಲಿ ತೆರೆಯಿರಿ. ಅರ್ಥಗಳು ಇಂಗ್ಲಿಷಿನಲ್ಲಿ ಇರುವುದರಿಂದ, ಇಂಗ್ಲಿಷ್ ಪದ ಹುಡುಕಿದರೆ ಆ ಅರ್ಥದ ಕನ್ನಡ ಪದಗಳೆಲ್ಲ ಸಾಲಾಗಿ ಬರುತ್ತವೆ. ಅಂದರೆ ಅರ್ಥದಿಂದ ಪದಕ್ಕೆ ಹೋಗುವ ನಿಘಂಟು ಪುಕ್ಕಟೆ ಸಿಕ್ಕಿದಂತೆ. ಹೂ, ಸೂರ್ಯ, ನೀರು ಇಂಥ ದೊಡ್ಡ ಪದ ಹಾಕಿದರೆ ಸಂತೆಯೇ ನೆರೆಯುತ್ತದೆ. ಮುಸ್ಸಂಜೆ, ದೋಣಿ ಕಟ್ಟುವ ಜಾಗ, ಕಾಯಿಸಿದ ಲೋಹ, ಇಂಥ ಕಿರಿದಾದ ಅರ್ಥ ಹಾಕಿದರೆ ಕೆಲಸಕ್ಕೆ ಬರುವಷ್ಟೇ ಸಿಗುತ್ತದೆ. ಕಡತದಲ್ಲಿ ಪ್ರತಿ ಅರ್ಥದ ಜೊತೆ ವ್ಯಾಕರಣದ ವರ್ಗವೂ ಇದೆ. ನಾಮಪದಗಳನ್ನಷ್ಟೇ ಉಳಿಸಿಕೊಂಡರೆ ಅರ್ಧ ಕಸ ಹೋಗುತ್ತದೆ.

ಇನ್ನು ಇದು ಎಲ್ಲಿ ಕೈಕೊಡುತ್ತದೆ ಎಂಬುದು. ಪಾತ್ರ ಅಂಬಿಗರ ಮಗಳು ಎಂದಿಟ್ಟುಕೊಳ್ಳಿ. ನದಿಗೆ ಹುಡುಕಿದರೆ ಹೊಳೆ, ತೊರೆ, ತಟಿನಿ, ತರಂಗಿಣಿ ಎಲ್ಲ ಬರುತ್ತವೆ. ತಟಿನಿ ಕೇಳಲು ಚೆಂದ. ಆದರೆ ಹೊಳೆದಂಡೆಯ ಜನ ಮಗಳಿಗೆ ನದಿ ಎಂದು ಹೆಸರಿಡುವುದಿಲ್ಲ, ತಮ್ಮ ನದಿಯ ಹೆಸರನ್ನೇ ಇಡುತ್ತಾರೆ. ಭೀಮಾ ತೀರದಲ್ಲಿ ಭೀಮವ್ವ, ಶಿವಮೊಗ್ಗದ ಕಡೆ ತುಂಗಮ್ಮ, ನಂಜನಗೂಡಿನ ಕಡೆ ಕಪಿಲಾ, ದಕ್ಷಿಣ ಕನ್ನಡದಲ್ಲಿ ನೇತ್ರಾವತಿ, ಕೊಡಗಿನಲ್ಲಿ ಕಾವೇರಮ್ಮ. ಯಾವ ನದಿ ಎಂದು ಹೇಳಿದ ತಕ್ಷಣ ಊರು ಯಾವುದು, ಮಾತು ಯಾವ ಧಾಟಿಯದು, ಊಟಕ್ಕೆ ಏನು ಎಂಬುದೂ ಗೊತ್ತಾಗಿಬಿಡುತ್ತದೆ. ಇಲ್ಲಿ ನಿಘಂಟಿಗಿಂತ ತಾಲ್ಲೂಕು ನಕಾಶೆ ಮೇಲು.

ಇನ್ನೊಂದು ಕೊರತೆ, ಪದ ಯಾವ ಕಾಲದ್ದು, ಎಲ್ಲಿ ಬಳಕೆಯಾಯಿತು ಎಂಬ ಪ್ರಯೋಗ ಇದರಲ್ಲಿಲ್ಲ. ಹತ್ತನೇ ಶತಮಾನದ ಪದವೂ ನಿನ್ನೆಯ ಪದವೂ ಒಂದೇ ಪಂಕ್ತಿಯಲ್ಲಿ ಕುಳಿತಿರುತ್ತವೆ. ಅರ್ಥ ಸರಿಯೇ ಎಂದು ತಾಳೆ ನೋಡಲು ಮಾತ್ರ ಇದಕ್ಕಿಂತ ವೇಗದ್ದು ಇನ್ನೊಂದಿಲ್ಲ. ಐದಕ್ಕೆ ನಾಲ್ಕು.

ಪರಿಷತ್ತಿನ ಎಂಟು ಸಂಪುಟ, ಕಿಟ್ಟೆಲ್

ಪ್ರಯೋಗ ಬೇಕೆಂದರೆ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿಗೇ ಹೋಗಬೇಕು. 1970ರಲ್ಲಿ ಮೊದಲ ಸಂಪುಟ, 1995ರಲ್ಲಿ ಎಂಟನೆಯದು. ಕಾವ್ಯ, ಶಾಸನ, ವಚನಗಳಿಂದ ಉದಾಹರಣೆ ಎತ್ತಿ ಕೊಡುತ್ತದೆ. ಪದವೊಂದು ಹಿಂದೆ ಯಾರ ಬಾಯಲ್ಲಿ ಇತ್ತು ಎಂದು ತಿಳಿಯಲು ಬೇರೆ ದಾರಿಯಿಲ್ಲ. ಸಂಪುಟ ಹೊತ್ತು ತರುವುದೇ ಒಂದು ವ್ಯಾಯಾಮ, ಆದ್ದರಿಂದ ಹತ್ತು ಹೆಸರಿನ ಚೀಟಿ ಬರೆದುಕೊಂಡು ಒಮ್ಮೆ ಗ್ರಂಥಾಲಯಕ್ಕೆ ಹೋಗಿ ಕುಳಿತು ಮುಗಿಸಿಬಿಡಿ.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಿಸಿದ ಕಿಟ್ಟೆಲ್ ನಿಘಂಟು ಆರ್ಕೈವ್ (archive.org) ತಾಣದಲ್ಲಿ ಸ್ಕ್ಯಾನ್ ಆಗಿ ಸಿಗುತ್ತದೆ. ಕಿಟ್ಟೆಲ್ ಪದದ ಜೊತೆಗೆ ಗಾದೆಗಳನ್ನೂ ಹಾಕಿದ್ದಾರೆ. ಹೆಸರಿಡುವವರು ನೋಡಬೇಕಾದದ್ದು ಅದನ್ನೇ. ಪದಕ್ಕೆ ಅರ್ಥ ಎಷ್ಟು ಚೆಂದ ಇದ್ದರೂ, ಊರಿನ ಗಾದೆಯಲ್ಲಿ ಅದು ಗೇಲಿಯ ಪದವಾಗಿದ್ದರೆ ಪಾತ್ರಕ್ಕೆ ಅಂಟುವುದು ಗೇಲಿಯೇ.

ಐತಿಹಾಸಿಕ ಕಥೆಗೆ: ಶಾಸನಗಳು

ರಾಜರ ಹೆಸರು ಎಲ್ಲರಿಗೂ ಗೊತ್ತು, ಅಡಚಣೆ ಬರುವುದು ಸಾಮಾನ್ಯರ ಹೆಸರಿನಲ್ಲಿ. ಹತ್ತನೇ ಶತಮಾನದ ಹಳ್ಳಿಯ ಹೆಂಗಸಿಗೆ ಸುಮತಿ, ಕುಂಬಾರನಿಗೆ ಸೋಮದತ್ತ ಎಂದು ಹೆಸರಿಟ್ಟರೆ ಅದು ಅಮರಚಿತ್ರಕಥೆಯ ಹಳ್ಳಿ ಆಗುತ್ತದೆ. ಕರ್ನಾಟಕದ ಶಾಸನಗಳನ್ನು ಕೂಡಿಸಿಟ್ಟ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತೆರೆದು ದಾನ ಕೊಟ್ಟವರು, ಸಾಕ್ಷಿ ನಿಂತವರು, ತುರುಗೋಳ್ ಕಾಳಗದಲ್ಲಿ (ದನಗಳಿಗಾಗಿ ನಡೆದ ಹೋರಾಟದಲ್ಲಿ) ಸತ್ತವರು ಇವರ ಹೆಸರು ಓದಿ. ಮಾಚ, ಬಮ್ಮ, ಕೇತ, ಬೂತ, ದುಗ್ಗ, ಮಾರ. ಬ್ರಹ್ಮ ಬಮ್ಮನಾಗಿ, ದುರ್ಗ ದುಗ್ಗನಾಗಿ, ವಿಷ್ಣು ಬಿಟ್ಟಿಯಾಗಿ, ಯಕ್ಷಿ ಜಕ್ಕಿಯಾಗಿ ಜನರ ನಾಲಿಗೆಯಲ್ಲಿ ಸವೆದಿರುವುದು ಕಾಣುತ್ತದೆ. ಹೆಂಗಸರಿಗೆ ಅಬ್ಬೆ ಸೇರುತ್ತದೆ: ಅತ್ತಿಮಬ್ಬೆ, ಜಕ್ಕಿಯಬ್ಬೆ, ಬೆಳತೂರಿನ ದೇಕಬ್ಬೆ. ಶಿಲ್ಪಿ, ಅಕ್ಕಸಾಲೆ, ಬಡಗಿಗಳಿಗೆ ಓಜ: ಬಳ್ಳಿಗಾವೆಯ ದಾಸೋಜನ ಹೆಸರು ಬೇಲೂರಿನ ಕಲ್ಲಿನ ಮೇಲೇ ಇದೆ. ಓಜ ಎಂಬುದು ಉಪಾಧ್ಯಾಯದಿಂದ ಸವೆದು ಬಂದ ರೂಪ. ಕೇತ ಎಂಬ ಒಂದೇ ಹೆಸರಿನಿಂದ ಕೇತಯ್ಯ, ಕೇತಬ್ಬೆ, ಕೇತೋಜ, ಕೇತಿಸೆಟ್ಟಿ, ಕೇತಗಾವುಂಡ ಎಂದು ಐದು ಮನೆಯ ಐದು ಜನರನ್ನು ಕಟ್ಟಬಹುದು. ಹೊಸ ಹೆಸರು ಸೃಷ್ಟಿಸುವವರಿಗೆ ಇದಕ್ಕಿಂತ ಒಳ್ಳೆಯ ಅಚ್ಚು ಬೇಡ. ಸಾಕಿದ ನಾಯಿಗೂ ಇಲ್ಲಿ ಹೆಸರಿದೆ: ಆತಕೂರಿನ ಶಾಸನದಲ್ಲಿ ಕಾಡುಹಂದಿಯ ಜೊತೆ ಹೋರಾಡಿ ಸತ್ತದ್ದು ಮಣಲೆರ ಎಂಬ ಯೋಧನ ನಾಯಿ ಕಾಳಿ.

ಇಲ್ಲಿ ಕಾಲು ಜಾರುವ ಜಾಗ ಪಕಾರ. ಹಳಗನ್ನಡದ ಪದಾದಿಯ ಪಕಾರ ನಿಧಾನವಾಗಿ ಹಕಾರಕ್ಕೆ ತಿರುಗಿದ್ದು ಹತ್ತನೇ ಶತಮಾನದ ಆಸುಪಾಸಿನಿಂದ ಮುಂದಕ್ಕೆ. ಗಂಗರ ಕಾಲದ ಕಥೆಯಲ್ಲಿ ಹೊನ್ನಬ್ಬೆ ಬಂದರೆ ತಪ್ಪು, ಪೊನ್ನಬ್ಬೆ ಆಗಬೇಕು. ಅದೇ ಹದಿನಾರನೇ ಶತಮಾನದ ಕಥೆಯಲ್ಲಿ ಪೊನ್ನಬ್ಬೆ ಎಂದು ಬರೆದರೆ ಮುತ್ತಜ್ಜಿಯ ಸೀರೆ ಉಟ್ಟು ಬಂದಂತೆ. ಕೊಡಗಿನ ಕಥೆಗೆ ಈ ನಿಯಮ ಹಾಕಬೇಡಿ, ಪೊನ್ನಪ್ಪ, ಪೊನ್ನಮ್ಮ ಅಲ್ಲಿ ಇವತ್ತಿಗೂ ಇದ್ದಾರೆ.

ಮತದಾರರ ಪಟ್ಟಿ

ಇವತ್ತಿನ ಅಥವಾ ಕಳೆದ ಐವತ್ತು ವರ್ಷದ ಕಥೆಗೆ ಇದಕ್ಕೆ ಸಮನಾದ ಸಾಧನ ಇನ್ನೊಂದಿಲ್ಲ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರ ತಾಣದಲ್ಲಿ ಜಿಲ್ಲೆ, 224ರಲ್ಲಿ ನಿಮಗೆ ಬೇಕಾದ ವಿಧಾನಸಭಾ ಕ್ಷೇತ್ರ, ಆಮೇಲೆ ಭಾಗದ ಸಂಖ್ಯೆ ಆರಿಸಿ, ಚಿತ್ರದಲ್ಲಿನ ಅಕ್ಷರ ಟೈಪ್ ಮಾಡಿದರೆ ಪಿಡಿಎಫ್ ಇಳಿಯುತ್ತದೆ. ಮೊದಲ ಪುಟದಲ್ಲಿ ಯಾವ ಯಾವ ಬೀದಿ, ಕೇರಿ, ಹಳ್ಳಿ ಎಂಬ ವಿವರ. ಆಮೇಲೆ ಪುಟಕ್ಕೆ ಮೂವತ್ತು ಚೌಕ. ಚೌಕದಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು, ಲಿಂಗ. ಒಂದು ಭಾಗದಲ್ಲಿ ಸಾವಿರದ ಆಸುಪಾಸು ಜನ. ಹೆಸರು ಮತ್ತು ವಯಸ್ಸು ಅಕ್ಕಪಕ್ಕ ಇರುವುದೇ ಇದರ ಚಿನ್ನ.

ಬಳಸುವ ಕ್ರಮ ಹೀಗೆ. ಕಥೆ ನಡೆಯುವ ತಾಲ್ಲೂಕಿನ ಎರಡು ಭಾಗ ಇಳಿಸಿಕೊಳ್ಳಿ, ಒಂದು ಹಳೇ ಊರಿನದು, ಇನ್ನೊಂದು ತಾಲ್ಲೂಕು ಕೇಂದ್ರದ ಹೊಸ ಬಡಾವಣೆಯದು. ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಎಪ್ಪತ್ತು ದಾಟಿದವರು, ನಲವತ್ತೈದರಿಂದ ಅರವತ್ತೊಂಬತ್ತು, ಇಪ್ಪತ್ತೈದರಿಂದ ನಲವತ್ತನಾಲ್ಕು, ಅದಕ್ಕಿಂತ ಕಿರಿಯರು. ಒಂದೊಂದಕ್ಕೆ ಐವತ್ತು ಹೆಸರು ತುಂಬಿ. ಒಂದು ಗಂಟೆಯ ಕೆಲಸ. ಅಷ್ಟರಲ್ಲಿ ಕಾಲಂನಿಂದ ಕಾಲಂಗೆ ಹೆಸರು ಹೇಗೆ ಬದಲಾಗಿದೆ ಎಂದು ತಾನೇ ಕಾಣಿಸುತ್ತದೆ. ಮಂಡ್ಯದ ಕಡೆಯ ಹಳ್ಳಿಯಾದರೆ ಮೊದಲ ಕಾಲಂನಲ್ಲಿ ಕೆಂಪಮ್ಮ, ಜವರೇಗೌಡ, ಪುಟ್ಟತಾಯಮ್ಮ. ಎರಡನೆಯದರಲ್ಲಿ ಜಯಮ್ಮ, ಸುರೇಶ, ಮಂಜುಳಾ. ಮೂರನೆಯದರಲ್ಲಿ ಅಶ್ವಿನಿ, ಕಿರಣ್. ನಾಲ್ಕನೆಯದರಲ್ಲಿ ಸಿಂಚನ, ಚಂದನ್. ಇಂಚರ, ಸಿಂಚನ ಎಂಬ ಹೆಸರಿನ ನಾಯಕಿಯನ್ನು 1965ರ ಕಾಲೇಜಿಗೆ ಕಳಿಸುವ ತಪ್ಪು ಆಮೇಲೆ ಆಗುವುದಿಲ್ಲ.

ಇಪ್ಪತ್ತು ಸಲ ಬಂದ ಹೆಸರನ್ನು ಬಂದು ಹೋಗುವ ಪಾತ್ರಗಳಿಗೆ ಕೊಡಿ. ಒಂದೇ ಸಲ ಬಂದದ್ದು ಕಣ್ಣಿಗೆ ಹೊಡೆಯುತ್ತದೆ, ಅದಕ್ಕೆ ಕಥೆಯಲ್ಲಿ ಕಾರಣ ಹೇಳಬೇಕಾಗುತ್ತದೆ. ಎರಡು, ಮೂರು ಸಲ ಬಂದ ಹೆಸರು ಮುಖ್ಯ ಪಾತ್ರಕ್ಕೆ ಹದವಾದದ್ದು: ಅಪರೂಪ ಅನ್ನಿಸುತ್ತದೆ, ಆದರೆ ಊರಿಗೆ ಹೊರಗಿನದಾಗುವುದಿಲ್ಲ.

ಸೀಮೆಯ ದೇವರುಗಳೂ ಈ ಪಟ್ಟಿಯಲ್ಲಿ ಸಾಲಾಗಿ ನಿಲ್ಲುತ್ತಾರೆ. ಮಾದೇಶ, ಮಾದಪ್ಪ ಹೆಚ್ಚಿದ್ದರೆ ಮಲೆ ಮಹದೇಶ್ವರ ಬೆಟ್ಟದ ಸೀಮೆ. ಗವಿಸಿದ್ದಪ್ಪ, ಹುಲಿಗೆಮ್ಮ ಬಂದರೆ ಕೊಪ್ಪಳ. ಕೊಟ್ರೇಶ ಬಂದರೆ ಕೊಟ್ಟೂರಿನ ಸುತ್ತ. ಶರಣಬಸಪ್ಪ ಕಲಬುರಗಿ. ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ ಬಂದರೆ ಚಿತ್ರದುರ್ಗ, ನಾಯಕನಹಟ್ಟಿ. ಈ ತಿಪ್ಪೇಸ್ವಾಮಿಯನ್ನು ಸ್ವಲ್ಪ ನಿಂತು ನೋಡಬೇಕು. ನಿಘಂಟು ತಿಪ್ಪೆ ಎಂದರೆ ಕಸದ ರಾಶಿ ಎಂದು ಹೇಳಿ ಸುಮ್ಮನಾಗುತ್ತದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಉಳಿಯಲಿ ಎಂದು ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಯ್ಯ, ತಿಪ್ಪಮ್ಮ ಎಂದು ಕರೆಯುವ ರೂಢಿ ಇತ್ತು. ಸಾವಿಗೆ ಬೇಡವೆನ್ನಿಸುವಂಥ ಹೆಸರು. ತಿರುಕಪ್ಪ, ಹುಚ್ಚಪ್ಪ, ಕಲ್ಲಪ್ಪ ಎಂಬುವುಗಳಲ್ಲೂ ಹಲವಕ್ಕೆ ಇದೇ ಹಿನ್ನೆಲೆ. ಹಾಗಾದರೆ ನಿಮ್ಮ ತಿಪ್ಪಯ್ಯನ ಬೆನ್ನಿಗೆ ಸತ್ತ ಅಣ್ಣಂದಿರೂ ಇರಬಹುದು, ನಾಯಕನಹಟ್ಟಿಯ ಹರಕೆಯೂ ಇರಬಹುದು. ಯಾವುದು ಎಂದು ಬರೆಯುವವರು ತೀರ್ಮಾನಿಸಿಕೊಂಡಿರಬೇಕು. ಕಥೆಯಲ್ಲಿ ಹೇಳದಿದ್ದರೂ ಅವನ ತಾಯಿ ಅವನನ್ನು ಕರೆಯುವ ರೀತಿಯಲ್ಲಿ ಅದು ಬಂದುಬಿಡುತ್ತದೆ. ಸಾಕಮ್ಮನದೂ ಹೀಗೇ: ಹೆಣ್ಣುಮಕ್ಕಳ ಸಾಲಿನಲ್ಲಿ ಕೊನೆಯವಳಿಗೆ 'ಇನ್ನು ಸಾಕು' ಎಂದು ಇಟ್ಟದ್ದೋ, ಸಾಕಿಕೊಂಡ ಮಗಳೋ.

ತುಳುನಾಡಿನ ಹಳೆಯ ತಲೆಗಳಲ್ಲಿ ವಾರದ ಹೆಸರುಗಳಿವೆ. ಭಾನುವಾರ ಹುಟ್ಟಿದವನು ಐತ, ಸೋಮವಾರ ಚೋಮ, ಮಂಗಳವಾರ ಅಂಗಾರ, ಬುಧವಾರ ಬೂದ, ಗುರುವಾರ ಗುರುವ, ಶುಕ್ರವಾರ ತುಕ್ರ, ಶನಿವಾರ ತನಿಯ. ಕನ್ನಡ ನಿಘಂಟಿನಲ್ಲಿ ಹುಡುಕಿ ಸುಸ್ತಾಗಬೇಡಿ, ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಹೊರತಂದ ಆರು ಸಂಪುಟದ ತುಳು ನಿಘಂಟು ನೋಡಿ. ಈ ಹೆಸರುಗಳು ಹೆಚ್ಚಾಗಿ ದಲಿತ ಸಮುದಾಯಗಳಲ್ಲಿ ಇದ್ದವು. ಹೆಸರು ಕೇಳಲು ಚೆನ್ನಾಗಿದೆ ಎಂದು ಬಂಟರ ಗುತ್ತಿನ ಯಜಮಾನನಿಗೆ ತುಕ್ರ ಎಂದಿಟ್ಟರೆ ಕರಾವಳಿಯ ಓದುಗ ಪುಸ್ತಕ ಮುಚ್ಚಿಡುತ್ತಾನೆ.

ಅಡ್ಡಹೆಸರೂ ಇಲ್ಲೇ ಇತ್ಯರ್ಥ ಆಗುತ್ತದೆ. ಉತ್ತರ ಕರ್ನಾಟಕದಲ್ಲಿ ಬಡಿಗೇರ, ಹೂಗಾರ, ಪತ್ತಾರ, ಹಿರೇಮಠ, ಅಂಗಡಿ, ಮೆಣಸಿನಕಾಯಿ ಎಂದು ಮನೆತನದ ಹೆಸರು ಇರುತ್ತದೆ. ಹಳೇ ಮೈಸೂರಿನ ಅಜ್ಜಿಗೆ ಇನಿಷಿಯಲ್ಲೂ ಇರುವುದಿಲ್ಲ, ಕೆಂಪಮ್ಮ ಎಂದರೆ ಕೆಂಪಮ್ಮ ಅಷ್ಟೆ. ಕೊಡವರಲ್ಲಿ ಒಕ್ಕದ (ಮನೆತನದ) ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಅದನ್ನು ತಿರುಗಿಸಿ ಬರೆದರೆ ಒಳಗಿನವರಿಗೆ ತಕ್ಷಣ ಚುಚ್ಚುತ್ತದೆ.

ಎಚ್ಚರಿಕೆ ಎರಡು. ಪಟ್ಟಿಯಲ್ಲಿ ಲ–ಳ, ನ–ಣ, ಹ್ರಸ್ವ–ದೀರ್ಘ ಅದಲುಬದಲಾಗಿರುತ್ತವೆ, ಕಣ್ಣುಮುಚ್ಚಿ ನಕಲು ಮಾಡಬೇಡಿ. ಎರಡನೆಯದು ಇನ್ನೂ ಮುಖ್ಯ: ಇವರು ಬದುಕಿರುವ ಜನ. ಹೆಸರು ಒಂದು ಪುಟದಿಂದ, ತಂದೆಯ ಹೆಸರು ಇನ್ನೊಂದು ಪುಟದಿಂದ, ಅಡ್ಡಹೆಸರು ಬೇರೆ ಊರಿನಿಂದ ತೆಗೆದುಕೊಳ್ಳಿ. ಹೆಸರು, ತಂದೆ, ಊರು ಮೂರೂ ಒಬ್ಬರದ್ದೇ ಆಗಿ, ಪಾತ್ರ ಕೊಲೆಗಡುಕನಾಗಿದ್ದರೆ ಮುಂದಿನದನ್ನು ವಕೀಲರೇ ಹೇಳಬೇಕು. ಮನೆ ನಂಬರಿನ ಕಡೆ ನೋಡಲೇಬೇಡಿ.

ಅಂಕ ನಾಲ್ಕೂವರೆ. ಅರ್ಧ ಕಡಿತಕ್ಕೆ ಕಾರಣ, ಹದಿನೆಂಟಕ್ಕಿಂತ ಕಿರಿಯರು ಇಲ್ಲಿಲ್ಲ. ಜೊತೆಗೆ ಇಲ್ಲಿರುವುದು ಸರ್ಕಾರಿ ಹೆಸರು. ಪಟ್ಟಿಯ ಮಲ್ಲಿಕಾರ್ಜುನನನ್ನು ಮನೆಯಲ್ಲಿ ಯಾರೂ ಮಲ್ಲಿಕಾರ್ಜುನ ಎನ್ನುವುದಿಲ್ಲ.

ಲಗ್ನಪತ್ರಿಕೆ

ಆ ಎರಡೂ ಕೊರತೆಯನ್ನು ತುಂಬುವುದು ಮನೆಯ ಗೋಡೆಯ ಮೊಳೆಗೆ ಸಿಕ್ಕಿಸಿಟ್ಟ ಲಗ್ನಪತ್ರಿಕೆ. ಅಜ್ಜ-ಅಜ್ಜಿ, ಅಪ್ಪ-ಅಮ್ಮ, ಸೋದರಮಾವಂದಿರು, ದೊಡ್ಡಪ್ಪ-ಚಿಕ್ಕಪ್ಪಂದಿರು, ಒಂದೇ ಮನೆತನದ ಮೂರು ತಲೆಮಾರು ಒಂದೇ ಹಾಳೆಯಲ್ಲಿ. ಅಜ್ಜ ಬಸಪ್ಪ, ಅಪ್ಪ ಬಸವರಾಜ, ಮಗ ಬಸವಪ್ರಸಾದ ಎಂದು ಹೆಸರು ಹೇಗೆ ಇಳಿದು ಬರುತ್ತದೆ ಎಂಬುದು ಇಲ್ಲಿ ಕಂಡಷ್ಟು ಸ್ಪಷ್ಟವಾಗಿ ಎಲ್ಲೂ ಕಾಣದು. ಕೆಳಗಿನ ಮೂಲೆಯಲ್ಲಿ 'ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ' ಎಂಬ ಸಾಲು, ಅದರ ಅ‌ಡಿ ಮಕ್ಕಳ ಹೆಸರು, ಕೆಲವೊಮ್ಮೆ ಮುದ್ದಿನ ಹೆಸರು. ಅಲ್ಲಿ ಸಿಗುತ್ತಾರೆ ನಿಮ್ಮ ಕಥೆಯ ಚಿಣ್ಣರು. ಒಂದು ಕುಟುಂಬದ ಕಾದಂಬರಿಗೆ ಬೇರೆ ಬೇರೆ ವರ್ಷದ ನಾಲ್ಕು ಪತ್ರಿಕೆ ಸಾಕು. ಪೂರ್ತಿ ಐದು ಅಂಕ.

ಕರೆಯುವ ಹೆಸರಿಗೆ ಮಾತ್ರ ಕಿವಿಯೇ ಗತಿ. ಧಾರವಾಡದ ಕಡೆ ಬಸವರಾಜ ಗೆಳೆಯರಿಗೆ ಬಸ್ಯಾ, ಹೆಂಡತಿಯ ತಮ್ಮನಿಗೆ ಬಸಣ್ಣ ಮಾಮಾ, ಆಫೀಸಿನಲ್ಲಿ ಅಡ್ಡಹೆಸರಿಗೆ ಸರ್ ಸೇರಿಸಿ ಅಂಗಡಿ ಸರ್. ಲಿಂಗಪ್ಪ ಅಲ್ಲಿ ನಿಂಗಪ್ಪ, ಸಿಟ್ಟು ಬಂದಾಗ ನಿಂಗ್ಯಾ. ಮುಖ್ಯ ಪಾತ್ರಕ್ಕೆ ಹೆಸರಿಟ್ಟ ಮೇಲೆ ಅವನನ್ನು ಕರೆಯುವ ಐದು ಜನರ ಪಟ್ಟಿ ಮಾಡಿ, ಒಬ್ಬೊಬ್ಬರ ಬಾಯಲ್ಲೂ ಅದು ಏನಾಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ಐದೂ ಒಂದೇ ಆದರೆ ಆ ಹೆಸರಿಗೆ ಇನ್ನೂ ಜೀವ ಬಂದಿಲ್ಲ.

ಎಐ ಚಾಟ್‌ಬಾಟ್‌ಗಳ ಬಗ್ಗೆ ಎರಡು ಮಾತು. ಹೆಸರು ಕೇಳಿದರೆ ಅನನ್ಯ, ಮೀರಾ, ಆರವ್, ರಾಘವ್ ಎಂದು ಯಾವ ಜಿಲ್ಲೆಗೂ ಸೇರದವರನ್ನು ಸಾಲಾಗಿ ನಿಲ್ಲಿಸುತ್ತವೆ. ಅರ್ಥ ಕೇಳಿದರೆ ಧೈರ್ಯವಾಗಿ ಏನೋ ಒಂದು ಹೇಳುತ್ತವೆ. ತಾಲ್ಲೂಕು, ಹುಟ್ಟಿದ ವರ್ಷ, ಸಮುದಾಯ, ಮನೆದೇವರು ಇಷ್ಟನ್ನು ನೀವೇ ಕೊಟ್ಟರೆ ಉತ್ತರ ಸುಧಾರಿಸುತ್ತದೆ, ಆದರೆ ಅಷ್ಟು ಗೊತ್ತಿದ್ದವರಿಗೆ ಹೆಸರು ಆಗಲೇ ಹೊಳೆದಿರುತ್ತದೆ. ಎರಡು ಅಂಕ.

ಯಾವ ಸಾಧನವೂ ಮಾಡಿಕೊಡದ ಪರೀಕ್ಷೆ

ಆರಿಸಿದ ಹೆಸರನ್ನು ವಿಭಕ್ತಿಗಳಲ್ಲಿ ಓಡಿಸಿ ನೋಡಿ. ಕನ್ನಡದಲ್ಲಿ ಹೆಸರು ಬರಿಮೈಯಲ್ಲಿ ಬರುವುದು ಕಡಿಮೆ, ಬಾಲ ಇದ್ದೇ ಇರುತ್ತದೆ. ರಾಮನಿಗೆ, ರವಿಗೆ, ಸೀತೆಗೆ, ಶಾಂತಮ್ಮನಿಗೆ: ಇವು ಸಲೀಸು. ಸೀತಾ ಎಂದು ಇಟ್ಟರೆ ಸೀತಾಳಿಗೆ ಎನ್ನಬೇಕೋ ಸೀತಾಗೆ ಎನ್ನಬೇಕೋ ಎಂದು ಮುನ್ನೂರು ಪುಟ ಒದ್ದಾಡಬೇಕು, ಮೊದಲೇ ಒಂದನ್ನು ಗಟ್ಟಿಮಾಡಿಕೊಳ್ಳಿ. ವಿಹಾನ್ ಎಂಬಂಥ ವ್ಯಂಜನದಲ್ಲಿ ನಿಲ್ಲುವ ಹೆಸರು ಇನ್ನೂ ತೊಡಕು. ವಿಹಾನ್‌ಗೆ ಎಂದು ಬರೆಯುವಾಗ ನಡುವೆ ಜೋಡಣೆ ತಡೆಯುವ, ಕಣ್ಣಿಗೆ ಕಾಣದ ಅಕ್ಷರ (ZWNJ) ಹಾಕದಿದ್ದರೆ ನ್‌ಗೆ ಎಂಬುದು ನ್ಗೆ ಎಂದು ಒತ್ತಾಗಿ ಕೂರುತ್ತದೆ. ದೂರದಿಂದ ಕೂಗುವ ದೃಶ್ಯವಿದ್ದರೆ ಬಾಯಿಬಿಟ್ಟು ಕೂಗಿಯೇ ನೋಡಿ. ಸ್ವರಾಂತ್ಯದ ಹೆಸರನ್ನು ಗದ್ದೆಯ ಆಚೆ ಬದಿಗೂ ಎಳೆಯಬಹುದು, ವಿಹಾನ್ ನಾಲ್ಕು ಮಾರಿಗೆ ನಿಂತುಬಿಡುತ್ತದೆ.

ಮಧು, ಶಶಿ, ಜ್ಯೋತಿ, ಕಿರಣ ಇವು ಗಂಡೋ ಹೆಣ್ಣೋ ಎಂಬುದು ವಾಕ್ಯದ ಕೊನೆಯ ಕ್ರಿಯಾಪದ ಬರುವವರೆಗೆ ಗೊತ್ತಾಗುವುದಿಲ್ಲ. ಬಂದರು ಎಂದು ಮುಗಿಸಿದರೆ ಆಗಲೂ ಇಲ್ಲ. ಬೇಕೆಂದು ಮುಚ್ಚಿಡುವವರಿಗೆ ಇದು ವರ, ಉಳಿದವರು ಮೊದಲ ವಾಕ್ಯದಲ್ಲೇ ಬಂದಳು ಎಂದುಬಿಡಿ. ಮಲ್ಲಪ್ಪ, ಕಲ್ಲಪ್ಪ, ಯಲ್ಲಪ್ಪ ಮೂವರೂ ಒಂದೇ ಕಥೆಯಲ್ಲಿ ಇದ್ದರೆ ಕಣ್ಣು ಮೊದಲ ಅಕ್ಷರವನ್ನು ದಾಟಿ ಓಡುತ್ತದೆ, ಓದುಗ ಕಲಸುಮೇಲೋಗರ ಆಗುತ್ತಾನೆ. ಊರಿನವರು ಇದಕ್ಕೆ ಆಗಲೇ ದಾರಿ ಕಂಡುಕೊಂಡಿದ್ದಾರೆ: ಒಬ್ಬನನ್ನು ಕಂಬಾರ ಎನ್ನುತ್ತಾರೆ, ಇನ್ನೊಬ್ಬನನ್ನು ಮೂಲಿಮನಿ ಯಲ್ಲಪ್ಪ ಎನ್ನುತ್ತಾರೆ. ನೀವೂ ಹಾಗೇ ಮಾಡಿ.

ಕೊನೆಗೆ, ಬರೆದು ಮುಗಿದ ಮೇಲೆ ಹೆಸರು ಬದಲಿಸುವ ಪ್ರಸಂಗ. ಇದು ಎಲ್ಲರಿಗೂ ಬರುತ್ತದೆ. ಹುಡುಕು–ಬದಲಿಸು ಒತ್ತಿ ರಾಮ ಇದ್ದಲ್ಲೆಲ್ಲ ಭೀಮ ಹಾಕಿದರೆ ಆರಾಮ ಆಭೀಮವಾಗುತ್ತದೆ, ವಿರಾಮ ವಿಭೀಮವಾಗುತ್ತದೆ. ಗ್ರಾಮ ಕೂಡ ಉಳಿಯುವುದಿಲ್ಲ, ಏಕೆಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಗ್ರಾಮದ ಒಳಗೆ ರಾಮ ಇದ್ದಾನೆ: ಗ, ಹಲಂತ, ಆಮೇಲೆ ರಾಮ. ನಿಮ್ಮ ಗ್ರಾಮ ಪಂಚಾಯಿತಿ ಗ್ಭೀಮ ಪಂಚಾಯಿತಿ ಆಗಿ ಕೂರುತ್ತದೆ. ರಾಮನನ್ನು ರವಿ ಮಾಡಲು ಹೋದರೆ ರವಿನಿಗೆ, ರವಿನನ್ನು ಎಂಬ ಹೊಸ ವ್ಯಾಕರಣವೂ ಹುಟ್ಟುತ್ತದೆ. ಆದ್ದರಿಂದ ಹೆಸರು ಗಟ್ಟಿಯಾಗುವವರೆಗೆ ಕರಡಿನಲ್ಲಿ ಬೇರೆ ಯಾವ ಪದದೊಳಗೂ ಅಡಗಿರದ ಝಝ ಎಂಬಂಥದ್ದನ್ನು ಇಟ್ಟುಕೊಳ್ಳಿ. ಮುಂದೆ ಬರಲಿರುವ ಹೆಸರು ಅಕಾರಾಂತ ಆಗಿದ್ದರೆ ಝಝ, ಇಕಾರಾಂತ ಆಗಿದ್ದರೆ ಝಝಿ, ಎಕಾರಾಂತ ಆಗಿದ್ದರೆ ಝಝೆ. ಗಂಡೋ ಹೆಣ್ಣೋ ಎಂಬುದು ಮಾತ್ರ ಮೊದಲ ದಿನವೇ ತೀರ್ಮಾನ ಆಗಿರಬೇಕು, ಹುಡುಕು–ಬದಲಿಸು ಒತ್ತಿದರೆ ಕ್ರಿಯಾಪದಗಳು ತಾವಾಗಿ ತಿದ್ದಿಕೊಳ್ಳುವುದಿಲ್ಲ.